ಯೀಸ್ಟ್ ಸೋಂಕು ಮತ್ತು ಔಷಧ ಪರೀಕ್ಷೆ: ವರದಿಯ ಅಂಕಿಯನ್ನು ಓದುವ ಬಗೆ

ರಕ್ತದಲ್ಲಿ ಕ್ಯಾಂಡಿಡಾ ಯೀಸ್ಟ್ ಬೆಳೆದ ರೋಗಿಯೊಬ್ಬರ ಪ್ರಯೋಗಾಲಯ ವರದಿಯಲ್ಲಿ ಎರಡು ಸಾಲುಗಳಿವೆ ಎಂದು ಭಾವಿಸೋಣ: ಫ್ಲುಕೊನಜೋಲ್ ಎದುರು 2, ಅನಿಡುಲಾಫಂಗಿನ್ ಎದುರು 1. ಎರಡೂ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದ ಅಂಕಿಗಳು. ಕಡಿಮೆ ಪ್ರಮಾಣದಲ್ಲೇ ಯೀಸ್ಟನ್ನು ತಡೆದದ್ದು ಅನಿಡುಲಾಫಂಗಿನ್ ಆದ್ದರಿಂದ ಅದೇ ಹೆಚ್ಚು ಬಲವಾದ ಮದ್ದು ಎಂದು ತೋರುವುದು ಸಹಜ. ಆದರೆ ಆ ಯೀಸ್ಟ್ ಕ್ಯಾಂಡಿಡಾ ಆಲ್ಬಿಕಾನ್ಸ್ ಆಗಿದ್ದರೆ ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ಅಮೆರಿಕದ ಮಾನದಂಡ ಸಂಸ್ಥೆಯಾದ ಸಿಎಲ್‌ಎಸ್‌ಐ ನಿಗದಿಪಡಿಸಿರುವ ಮಿತಿಗಳ ಪ್ರಕಾರ ಆ ಯೀಸ್ಟ್ ಫ್ಲುಕೊನಜೋಲ್‌ಗೆ ಮಣಿಯುತ್ತದೆ, ಅನಿಡುಲಾಫಂಗಿನ್‌ಗೆ ಮಾತ್ರ ಪ್ರತಿರೋಧ ಬೆಳೆಸಿಕೊಂಡಿದೆ. ಅದೇ ಎರಡು ಅಂಕಿಗಳು ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಂಬ ಇನ್ನೊಂದು ಪ್ರಭೇದದಿಂದ ಬಂದಿದ್ದರೆ, ಅದು ಎರಡೂ ಔಷಧಗಳಿಗೆ ಮಣಿಯುವ ಯೀಸ್ಟ್ ಎಂದೇ ವರದಿಯಾಗುತ್ತದೆ. ಇದು ಹೀಗೇಕೆ ಎಂದು ತಿಳಿಯಬೇಕಾದರೆ ಅಂಕಿಯನ್ನು ಅಳೆಯುವ ಕೆಲಸವನ್ನೂ ಅಳೆದ ಅಂಕಿಗೆ ಅರ್ಥ ಕೊಡುವ ಕೆಲಸವನ್ನೂ ಬೇರೆಬೇರೆಯಾಗಿ ನೋಡಬೇಕು.

ಯೀಸ್ಟ್ ಶಿಲೀಂಧ್ರಗಳ ಗುಂಪಿಗೆ ಸೇರಿದ ಜೀವಿ. ಅದರ ಕೋಶದ ಒಳರಚನೆ ಮನುಷ್ಯನ ಕೋಶವನ್ನು ಬಹುಮಟ್ಟಿಗೆ ಹೋಲುವುದರಿಂದ, ಯೀಸ್ಟನ್ನು ಕೊಂದು ರೋಗಿಯನ್ನು ಉಳಿಸುವ ಔಷಧಗಳನ್ನು ಕಂಡುಹಿಡಿಯುವುದು ಕಷ್ಟ. ಹಾಗಾಗಿ ದೇಹದ ಒಳಭಾಗದ ಸೋಂಕುಗಳಿಗೆ ಬಳಕೆಯಲ್ಲಿರುವ ಪ್ರಮುಖ ವರ್ಗಗಳು ನಾಲ್ಕೇ. ಫ್ಲುಕೊನಜೋಲ್, ವೊರಿಕೊನಜೋಲ್ ಮುಂತಾದ ಅಜೋಲ್‌ಗಳು ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ಒಂದು ಕಿಣ್ವವನ್ನು ತಡೆಯುತ್ತವೆ. ಆಂಫೊಟೆರಿಸಿನ್ ಬಿ ತಯಾರಾದ ಎರ್ಗೊಸ್ಟೆರಾಲ್‌ಗೇ ಅಂಟಿಕೊಂಡು ಪೊರೆಯನ್ನು ಹಾಳುಗೆಡವುತ್ತದೆ. ಕ್ಯಾಸ್ಪೊಫಂಗಿನ್, ಮೈಕಾಫಂಗಿನ್, ಅನಿಡುಲಾಫಂಗಿನ್‌ಗಳನ್ನು ಒಳಗೊಂಡ ಎಕಿನೊಕ್ಯಾಂಡಿನ್‌ಗಳು ಕೋಶಭಿತ್ತಿಯ ಗ್ಲುಕಾನ್ ಎಂಬ ಹೆಣಿಗೆಯನ್ನು ಕಟ್ಟುವ ಕಿಣ್ವವನ್ನು ನಿಲ್ಲಿಸುತ್ತವೆ. ಮನುಷ್ಯನ ಕೋಶಕ್ಕೆ ಭಿತ್ತಿಯೇ ಇಲ್ಲವಾದ್ದರಿಂದ ಇವುಗಳ ಅಡ್ಡಪರಿಣಾಮಗಳು ಕಡಿಮೆ. ನಾಲ್ಕನೆಯದಾದ ಫ್ಲುಸೈಟೊಸಿನ್ ಯೀಸ್ಟ್‌ನ ಒಳಹೊಕ್ಕು ಅದರ ಆರ್‌ಎನ್‌ಎ, ಡಿಎನ್‌ಎ ತಯಾರಿಯನ್ನು ಕೆಡಿಸುತ್ತದೆ. ಆದರೆ ಅದನ್ನು ಒಂಟಿಯಾಗಿ ಕೊಟ್ಟರೆ ಪ್ರತಿರೋಧ ಬಹುಬೇಗ ಹುಟ್ಟುವುದರಿಂದ ಸಾಮಾನ್ಯವಾಗಿ ಇನ್ನೊಂದು ಔಷಧದ ಜೊತೆಗೇ ಕೊಡುತ್ತಾರೆ. ಆಯ್ಕೆಗಳು ಇಷ್ಟು ಕಡಿಮೆ ಇರುವಾಗ ಒಂದು ವರ್ಗ ಕೈಬಿಟ್ಟುಹೋದರೂ ಚಿಕಿತ್ಸೆಯ ದಾರಿ ತೀರಾ ಕಿರಿದಾಗುತ್ತದೆ. ಈ ಪರೀಕ್ಷೆಯನ್ನು ಎಚ್ಚರದಿಂದ ಮಾಡಬೇಕು, ಅಷ್ಟೇ ಎಚ್ಚರದಿಂದ ಓದಬೇಕು ಎನ್ನುವುದು ಈ ಕಾರಣಕ್ಕೆ.

ಔಷಧ ಪರೀಕ್ಷೆಗಿಂತ ಮೊದಲು ಆಗಬೇಕಾದ ಕೆಲಸ ಪ್ರಭೇದದ ಗುರುತಿಸುವಿಕೆ. ಅದೊಂದೇ ಎಷ್ಟೋ ಪ್ರಶ್ನೆಗಳನ್ನು ಪರೀಕ್ಷೆಯಿಲ್ಲದೆ ಬಗೆಹರಿಸಿಬಿಡುತ್ತದೆ. ಕ್ಯಾಂಡಿಡಾ ಕ್ರುಸೈ ಹುಟ್ಟಿನಿಂದಲೇ ಫ್ಲುಕೊನಜೋಲ್‌ಗೆ ಪ್ರತಿರೋಧ ಉಳ್ಳದ್ದು. ಪರೀಕ್ಷೆಯಲ್ಲಿ ಯಾವ ಅಂಕಿ ಬಂದರೂ ಅದಕ್ಕೆ ಆ ಔಷಧವನ್ನು ಕೊಡುವಂತಿಲ್ಲ. ಮಿದುಳಿನ ಪೊರೆಯ ಉರಿಯೂತವನ್ನು ಉಂಟುಮಾಡುವ ಕ್ರಿಪ್ಟೊಕಾಕಸ್ ಮೇಲೆ ಎಕಿನೊಕ್ಯಾಂಡಿನ್‌ಗಳು ಕೆಲಸ ಮಾಡುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ವರ್ಗೀಕರಣ ಬದಲಾಗಿ ಕ್ಯಾಂಡಿಡಾ ಕ್ರುಸೈಯನ್ನು ಪಿಚಿಯಾ ಕುದ್ರಿಯಾವ್ಜೆವಿ ಎಂದೂ ಕ್ಯಾಂಡಿಡಾ ಗ್ಲಾಬ್ರಾಟಾವನ್ನು ನಕಾಸಿಯೊಮೈಸಿಸ್ ಗ್ಲಾಬ್ರಾಟಸ್ ಎಂದೂ ಕರೆಯುತ್ತಾರೆ. ವರದಿಯಲ್ಲಿ ಹೊಸ ಹೆಸರಷ್ಟೇ ಇದ್ದರೆ ಹಳೆಯ ಎಚ್ಚರಿಕೆ ವೈದ್ಯರ ನೆನಪಿಗೆ ಬಾರದೇ ಹೋಗಬಹುದು. ಆದ್ದರಿಂದ ಸದ್ಯಕ್ಕೆ ಎರಡೂ ಹೆಸರುಗಳನ್ನು ಒಟ್ಟಿಗೆ ಕೊಡುವುದೇ ರೋಗಿಯ ದೃಷ್ಟಿಯಿಂದ ಸರಿ ಎಂದು ನನ್ನ ಅಭಿಪ್ರಾಯ. ಈಗ ಹಲವು ಪ್ರಯೋಗಾಲಯಗಳು ಪ್ರಭೇದವನ್ನು ಮಾಲ್ಡಿ-ಟಾಫ್ ಯಂತ್ರದಲ್ಲಿ ಯೀಸ್ಟ್‌ನ ಪ್ರೋಟೀನುಗಳ ತೂಕದ ವಿನ್ಯಾಸ ನೋಡಿ ಕೆಲವೇ ನಿಮಿಷಗಳಲ್ಲಿ ಗುರುತಿಸುತ್ತವೆ.

ಇನ್ನು ಮುಖ್ಯ ಪರೀಕ್ಷೆ. ಪೋಷಕ ದ್ರಾವಣದಲ್ಲಿ ಔಷಧವನ್ನು ಹಂತಹಂತವಾಗಿ ತೆಳುಗೊಳಿಸಿ ನೋಡುವ ಈ ವಿಧಾನವೇ ಇತರ ಎಲ್ಲ ವಿಧಾನಗಳಿಗೂ ಅಳತೆಗೋಲು. 96 ಪುಟ್ಟ ಕುಳಿಗಳಿರುವ ಪ್ಲಾಸ್ಟಿಕ್ ಫಲಕದಲ್ಲಿ ಒಂದೊಂದು ಸಾಲಿಗೆ ಒಂದೊಂದು ಔಷಧ. ಕುಳಿಯಿಂದ ಕುಳಿಗೆ ಔಷಧದ ಪ್ರಮಾಣ ಸರಿಯಾಗಿ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ: ಫ್ಲುಕೊನಜೋಲ್ ಆದರೆ ಲೀಟರಿಗೆ 64 ಮಿಲಿಗ್ರಾಂ, ಆಮೇಲೆ 32, 16, 8, ಹೀಗೆ 0.125ರವರೆಗೆ. ಒಂದು ಕುಳಿಯಲ್ಲಿ ಔಷಧವಿಲ್ಲದೆ ಯೀಸ್ಟ್ ಮಾತ್ರ ಇರುತ್ತದೆ, ಇನ್ನೊಂದರಲ್ಲಿ ಯೀಸ್ಟ್ ಇಲ್ಲದ ಬರಿಯ ದ್ರಾವಣ. ಮೊದಲನೆಯದು ಯೀಸ್ಟ್ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ, ಎರಡನೆಯದು ದ್ರಾವಣ ಶುದ್ಧವಾಗಿದೆ ಎಂಬುದಕ್ಕೆ. ಬೆಳವಣಿಗೆಯನ್ನು ಸ್ಪಷ್ಟವಾಗಿ ತಡೆದ ಅತಿ ಕಡಿಮೆ ಪ್ರಮಾಣವೇ ಕನಿಷ್ಠ ಪ್ರತಿಬಂಧಕ ಸಾರತೆ. ಪ್ರಯೋಗಾಲಯದಲ್ಲಿ ಎಲ್ಲರೂ ಎಂಐಸಿ ಎನ್ನುವುದು ಇದನ್ನೇ.

ಹೇಳುವಾಗ ಸರಳವಾಗಿ ಕಾಣುವ ಈ ಪರೀಕ್ಷೆಯಲ್ಲಿ ಪ್ರತಿಯೊಂದು ಸಣ್ಣ ವಿವರವೂ ಅಂಕಿಯನ್ನು ಅತ್ತಿತ್ತ ಎಳೆಯಬಲ್ಲದು. ಯೀಸ್ಟ್ ಕೋಶಗಳನ್ನು ಹೆಚ್ಚು ಹಾಕಿದರೆ ಎಂಐಸಿ ಮೇಲೇರಬಹುದು. ದ್ರಾವಣ ಹುಳಿಯಾದರೆ ಕೆಲವು ಔಷಧಗಳ ಬಲವೇ ಕುಂದುತ್ತದೆ. ಇಡೀ ದಿನ ಹೆಚ್ಚುವರಿಯಾಗಿ ಕಾಯ್ದರೆ ಅದೇ ಯೀಸ್ಟ್ ಬೇರೆಯೇ ವರ್ಗಕ್ಕೆ ಸೇರಬಹುದು. 1980ರ ದಶಕದಲ್ಲಿ ಬೇರೆಬೇರೆ ಪ್ರಯೋಗಾಲಯಗಳು ಒಂದೇ ಯೀಸ್ಟನ್ನು ಪರೀಕ್ಷಿಸಿದಾಗ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆ ಗೊಂದಲವನ್ನು ಕೊನೆಗಾಣಿಸಲೆಂದೇ, ಆಗ ಎನ್‌ಸಿಸಿಎಲ್‌ಎಸ್ ಎಂಬ ಹೆಸರಿದ್ದ ಇಂದಿನ ಸಿಎಲ್‌ಎಸ್‌ಐ, ಎಂ27 ಎಂಬ ವಿಧಾನವನ್ನು 1992ರಲ್ಲಿ ಕರಡಾಗಿ ಪ್ರಕಟಿಸಿ 1997ರಲ್ಲಿ ಅಂಗೀಕೃತ ರೂಪಕ್ಕೆ ತಂದಿತು. ಅದರ ಪ್ರಕಾರ ದ್ರಾವಣ ಆರ್‌ಪಿಎಂಐ 1640, ಅದರ ಪಿಎಚ್ 7.0, ಉಷ್ಣತೆ 35 ಡಿಗ್ರಿ ಸೆಲ್ಸಿಯಸ್, ಕೋಶಗಳ ಸಂಖ್ಯೆ ಮಿಲಿಲೀಟರಿಗೆ ಸುಮಾರು 500ರಿಂದ 2,500. ಯುರೋಪಿನ ಯೂಕಾಸ್ಟ್ ಸಮಿತಿಯ ವಿಧಾನದ ಅಡಿಪಾಯವೂ ಇದೇ ಆದರೂ ಅಲ್ಲಿ ಗ್ಲೂಕೋಸ್ ಶೇಕಡಾ 2ರಷ್ಟು ಇರುತ್ತದೆ, ಕೋಶಗಳು ನೂರು ಪಟ್ಟು ಹೆಚ್ಚು ಇರುತ್ತವೆ, ಫಲಿತಾಂಶವನ್ನು ಕಣ್ಣಿನ ಬದಲು ಬೆಳಕಳೆಯುವ ಯಂತ್ರ ಓದುತ್ತದೆ. ಒಂದು ವಿಧಾನದಲ್ಲಿ ಅಳೆದ ಅಂಕಿಯನ್ನು ಇನ್ನೊಂದರ ಮಿತಿಗಳಿಗೆ ಹೋಲಿಸಬಾರದು. ಇದು ಎಲ್ಲರಿಗೂ ಗೊತ್ತಿರಬೇಕಾದ ನಿಯಮ, ಆದರೂ ಆಗಾಗ ಮುರಿಯುವ ನಿಯಮ.

ಫಲಕವನ್ನು ಓದುವಾಗ ಎದುರಾಗುವ ದೊಡ್ಡ ತೊಡಕು ಅಜೋಲ್‌ಗಳದ್ದು. ಆಂಫೊಟೆರಿಸಿನ್ ಬಿ ಇರುವ ಸಾಲಿನಲ್ಲಿ ಗೆರೆ ಸ್ಪಷ್ಟ. ಒಂದು ಕುಳಿ ಕದಡಿದ್ದರೆ ಪಕ್ಕದ ಕುಳಿ ತಿಳಿಯಾಗಿರುತ್ತದೆ. ಆದ್ದರಿಂದ ಅಲ್ಲಿ ಬೆಳವಣಿಗೆ ಪೂರ್ತಿ ನಿಂತ ಕುಳಿಯನ್ನೇ ಎಂಐಸಿ ಎಂದು ಓದುವುದು ಸಿಎಲ್‌ಎಸ್‌ಐ ಪದ್ಧತಿ. ಅಜೋಲ್‌ಗಳಾದರೋ ಯೀಸ್ಟನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದರ ಬೆಳವಣಿಗೆಯನ್ನು ಕುಗ್ಗಿಸುತ್ತವೆ. ಹೀಗಾಗಿ ಔಷಧ ಎಷ್ಟೇ ಹೆಚ್ಚಿದರೂ ಕೆಲವು ಯೀಸ್ಟ್‌ಗಳ ಸಾಲಿನಲ್ಲಿ ತೆಳುವಾದ ಮಬ್ಬು ಕೊನೆಯ ಕುಳಿಯವರೆಗೂ ಉಳಿದುಬಿಡುತ್ತದೆ. ಪೂರ್ಣ ತಿಳಿಯಾಗುವ ಕುಳಿಯನ್ನು ಹುಡುಕಿದರೆ ಇಂತಹ ಯೀಸ್ಟ್‌ಗೆ ಎಂಐಸಿ 64ಕ್ಕಿಂತ ಹೆಚ್ಚು ಎಂಬ ತಪ್ಪು ಉತ್ತರ ಸಿಗುತ್ತದೆ. ಆದರೆ ಇಂತಹ ಯೀಸ್ಟ್‌ಗಳಿಂದ ಸೋಂಕು ತಗುಲಿದ ಇಲಿಗಳಿಗೆ ಫ್ಲುಕೊನಜೋಲ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಸೋಂಕು ಔಷಧಕ್ಕೆ ಚೆನ್ನಾಗಿಯೇ ಮಣಿಯಿತು. ಈ ಅನುಭವದಿಂದ ಎರಡು ನಿಯಮಗಳು ಗಟ್ಟಿಯಾದವು: ಅಜೋಲ್‌ಗಳಲ್ಲಿ ಔಷಧವಿಲ್ಲದ ಕುಳಿಗೆ ಹೋಲಿಸಿ ಬೆಳವಣಿಗೆ ಅರ್ಧಕ್ಕೆ ಇಳಿದ ಮೊದಲ ಕುಳಿಯನ್ನೇ ಎಂಐಸಿ ಎಂದು ಓದಬೇಕು, ಮೊದಲಿದ್ದ 48 ಗಂಟೆಗಳ ಕಾಯುವಿಕೆಯ ಬದಲು 24 ಗಂಟೆಗಳಿಗೇ ಓದಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅರ್ಧ ಎಂದರೆ ಎಷ್ಟು ಎಂದು ಕಣ್ಣಿಗೆ ಅಭ್ಯಾಸವಾಗಲು ಸಮಯ ಬೇಕು, ಮತ್ತು ಈ ತರಬೇತಿಗೆ ಕೊಡುವ ಸಮಯ ಎಂದೂ ವ್ಯರ್ಥವಲ್ಲ.

ಅಳತೆಯ ನಿಖರತೆಗೂ ಒಂದು ಎಲ್ಲೆಯಿದೆ. ಕುಳಿಗಳು ಎರಡೆರಡು ಪಟ್ಟಿನ ಮೆಟ್ಟಿಲುಗಳಲ್ಲಿರುವುದರಿಂದ 2 ಮತ್ತು 4ರ ನಡುವಿನ ಯಾವ ಮೌಲ್ಯವೂ ಕಾಣಿಸುವುದಿಲ್ಲ. ಅದೇ ಯೀಸ್ಟನ್ನು ನಾಳೆ ಮತ್ತೆ ಪರೀಕ್ಷಿಸಿದರೆ ಅಂಕಿ ಒಂದು ಮೆಟ್ಟಿಲು ಮೇಲಕ್ಕೋ ಕೆಳಕ್ಕೋ ಸರಿಯುವುದು ಪರೀಕ್ಷೆಯ ಸಹಜ ಏರುಪೇರು. ಕಳೆದ ವಾರ 1 ಇದ್ದದ್ದು ಈ ವಾರ 2 ಆಗಿದೆ ಎಂದಮಾತ್ರಕ್ಕೆ ಪ್ರತಿರೋಧ ಬೆಳೆಯುತ್ತಿದೆ ಎನ್ನುವಂತಿಲ್ಲ, ಆದರೆ 1 ಇದ್ದದ್ದು 16 ಆದರೆ ತಕ್ಷಣ ಗಮನಿಸಬೇಕು. ಪರೀಕ್ಷೆ ಹಳಿ ತಪ್ಪಿಲ್ಲ ಎಂದು ಖಚಿತಪಡಿಸಿಕೊಳ್ಳಲು ರೋಗಿಯ ಯೀಸ್ಟ್ ಜೊತೆಗೆ ಮೊದಲೇ ಎಂಐಸಿ ವ್ಯಾಪ್ತಿ ತಿಳಿದಿರುವ ತಳಿಗಳನ್ನೂ ಪರೀಕ್ಷಿಸುತ್ತಾರೆ. ಎಟಿಸಿಸಿ ಎಂಬ ಅಮೆರಿಕದ ತಳಿ ಸಂಗ್ರಹದ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019 ಮತ್ತು ಕ್ಯಾಂಡಿಡಾ ಕ್ರುಸೈ ಎಟಿಸಿಸಿ 6258 ಇದಕ್ಕಾಗಿ ಎಲ್ಲೆಡೆ ಬಳಕೆಯಲ್ಲಿವೆ. ಅವುಗಳ ಅಂಕಿ ವ್ಯಾಪ್ತಿಯ ಹೊರಗೆ ಬಿದ್ದರೆ ರೋಗಿಯ ಫಲಿತಾಂಶವನ್ನು ಹೊರಗೆ ಕಳುಹಿಸಬಾರದು.

ಈಗ ಅರ್ಥ ಕೊಡುವ ಕೆಲಸಕ್ಕೆ ಬರೋಣ. ಎಂಐಸಿ ಎಷ್ಟಿದ್ದರೆ ಔಷಧ ನಾಟುತ್ತದೆ, ಎಷ್ಟಿದ್ದರೆ ನಾಟುವುದಿಲ್ಲ ಎಂದು ವಿಂಗಡಿಸುವ ಮಿತಿಯನ್ನು ಮೂರು ಬಗೆಯ ಸಾಕ್ಷ್ಯಗಳ ಮೇಲೆ ಕಟ್ಟುತ್ತಾರೆ: ಆ ಪ್ರಭೇದದ ಸಾವಿರಾರು ಮಾದರಿಗಳಲ್ಲಿ ಎಂಐಸಿ ಹೇಗೆ ಹರಡಿಕೊಂಡಿದೆ, ಔಷಧ ರೋಗಿಯ ರಕ್ತದಲ್ಲಿ ಎಷ್ಟು ಮಟ್ಟ ಮುಟ್ಟುತ್ತದೆ, ಚಿಕಿತ್ಸೆ ಪಡೆದ ರೋಗಿಗಳಲ್ಲಿ ಎಷ್ಟು ಜನ ಗುಣಮುಖರಾದರು. ಫ್ಲುಕೊನಜೋಲ್ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೂತ್ರಪಿಂಡಗಳು ಸರಿಯಿರುವ ವಯಸ್ಕರಲ್ಲಿ ದಿನಕ್ಕೆ 400 ಮಿಲಿಗ್ರಾಂ ಕೊಟ್ಟರೆ 24 ಗಂಟೆಗಳಲ್ಲಿ ರಕ್ತಕ್ಕೆ ಒದಗುವ ಒಟ್ಟು ಔಷಧದ ಅಳತೆಯೂ ಸುಮಾರು 400 ಆಗುತ್ತದೆ. ಈ ಅಳತೆಯನ್ನು ಎಂಐಸಿಯಿಂದ ಭಾಗಿಸಿದಾಗ ಬರುವ ಭಾಗಲಬ್ಧ 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಔಷಧ ಪರಿಣಾಮಕಾರಿ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳೂ ರೋಗಿಗಳ ದಾಖಲೆಗಳೂ ತೋರಿಸಿವೆ. ಎಂಐಸಿ 2 ಇದ್ದರೆ 400ನ್ನು 2ರಿಂದ ಭಾಗಿಸಿ 200, ಅಂದರೆ ಧಾರಾಳ. ಎಂಐಸಿ 32 ಇದ್ದರೆ 400 ಮಿಲಿಗ್ರಾಂ ಸಾಲದು, 800 ಮಿಲಿಗ್ರಾಂ ಕೊಟ್ಟರೆ ಸರಿಯಾಗಿ 25ಕ್ಕೆ ಬಂದು ನಿಲ್ಲುತ್ತದೆ. 64 ಆದರೆ 800 ಮಿಲಿಗ್ರಾಮೂ ಕೈಕೊಡುತ್ತದೆ. ಸಿಎಲ್‌ಎಸ್‌ಐ ಪಟ್ಟಿಯಲ್ಲಿ ಕ್ಯಾಂಡಿಡಾ ಗ್ಲಾಬ್ರಾಟಾಗೆ 32ರವರೆಗೆ "ಹೆಚ್ಚಿನ ಪ್ರಮಾಣ ಕೊಟ್ಟರೆ ಮಣಿಯುತ್ತದೆ" ಎಂಬ ವರ್ಗವೂ 64ರಿಂದ ಮೇಲೆ "ಪ್ರತಿರೋಧ" ಎಂಬ ವರ್ಗವೂ ಇರುವುದಕ್ಕೆ ಹಿನ್ನೆಲೆ ಈ ಲೆಕ್ಕವೇ. ಗ್ಲಾಬ್ರಾಟಾಗೆ ಫ್ಲುಕೊನಜೋಲ್ ವಿಷಯದಲ್ಲಿ "ಮಣಿಯುತ್ತದೆ" ಎಂಬ ಸರಳ ವರ್ಗವೇ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು.

1997ರಲ್ಲಿ ಕ್ಯಾಂಡಿಡಾ ಪ್ರಭೇದಗಳಿಗೆಲ್ಲ ಒಟ್ಟಾಗಿ ಒಂದೇ ಮಿತಿ ಇತ್ತು. ಫ್ಲುಕೊನಜೋಲ್ ಎಂಐಸಿ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಣಿಯುತ್ತದೆ ಎಂದೇ ಓದುತ್ತಿದ್ದರು. ಆಮೇಲೆ ಗೊತ್ತಾದದ್ದೇನೆಂದರೆ ಆಲ್ಬಿಕಾನ್ಸ್‌ನ ಸಹಜ ಎಂಐಸಿ 1ಕ್ಕಿಂತಲೂ ಬಹಳ ಕೆಳಗಿದೆ, ಹಾಗಾಗಿ 8 ತೋರಿಸುವ ಆಲ್ಬಿಕಾನ್ಸ್ ಪ್ರತಿರೋಧದ ಯಾವುದೋ ಉಪಾಯವನ್ನು ಆಗಲೇ ಪಡೆದುಕೊಂಡಿರುತ್ತದೆ. 2012ರ ಹೊತ್ತಿಗೆ ಮಿತಿಗಳನ್ನು ಪ್ರಭೇದವಾರು ಬಿಗಿಗೊಳಿಸಿದರು. ಈಗ ಆಲ್ಬಿಕಾನ್ಸ್‌ಗೆ 2ರವರೆಗೆ ಮಣಿಯುವ ವರ್ಗ, 8ರಿಂದ ಪ್ರತಿರೋಧ. ಮೊದಲ ಪ್ಯಾರಾದ ಒಗಟಿಗೂ ಉತ್ತರ ಇಲ್ಲಿದೆ. ಪ್ಯಾರಾಪ್ಸಿಲೋಸಿಸ್‌ನ ಗ್ಲುಕಾನ್ ಕಿಣ್ವದಲ್ಲಿ ಹುಟ್ಟಿನಿಂದಲೇ ಒಂದು ಅಮೈನೋ ಆಮ್ಲ ಬೇರೆಯಿರುವುದರಿಂದ ಅದರ ಸಹಜ ಎಕಿನೊಕ್ಯಾಂಡಿನ್ ಎಂಐಸಿಗಳೇ ಎತ್ತರದಲ್ಲಿವೆ, ಹಾಗಿದ್ದೂ ರೋಗಿಗಳು ಸಾಮಾನ್ಯವಾಗಿ ಗುಣಹೊಂದುತ್ತಾರೆ. ಆಲ್ಬಿಕಾನ್ಸ್‌ನ ಸಹಜ ಎಂಐಸಿ ತೀರಾ ಕೆಳಗಿದ್ದು, ಅದು 1ಕ್ಕೆ ಏರಿದೆ ಎಂದರೆ ಆ ಗ್ಲುಕಾನ್ ಕಿಣ್ವವನ್ನು ರೂಪಿಸುವ ಎಫ್‌ಕೆಎಸ್1 ಎಂಬ ಜೀನ್‌ನಲ್ಲಿ ರೂಪಾಂತರ ಆಗಿರುವ ಸಾಧ್ಯತೆ ಬಲವಾಗಿದೆ.

ಎಕಿನೊಕ್ಯಾಂಡಿನ್‌ಗಳಲ್ಲಿ ಕ್ಯಾಸ್ಪೊಫಂಗಿನ್ ಪರೀಕ್ಷೆಯೇ ಹೆಚ್ಚು ತಲೆನೋವಿನದು. ಒಂದೇ ಬಗೆಯ ಯೀಸ್ಟ್‌ಗಳಿಗೆ ಬೇರೆಬೇರೆ ಪ್ರಯೋಗಾಲಯಗಳಲ್ಲಿ ಅದರ ಎಂಐಸಿ ತುಂಬ ಏರುಪೇರಾಗುತ್ತದೆ ಎಂಬುದು ಹಲವು ಕೇಂದ್ರಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿದಾಗ ಬಯಲಾಯಿತು. ಆದ್ದರಿಂದ ಯೂಕಾಸ್ಟ್ ಬಹುಕಾಲ ಕ್ಯಾಸ್ಪೊಫಂಗಿನ್‌ಗೆ ಮಿತಿಯನ್ನೇ ಕೊಡದೆ, ಮೈಕಾಫಂಗಿನ್ ಅಥವಾ ಅನಿಡುಲಾಫಂಗಿನ್ ಫಲಿತಾಂಶದಿಂದಲೇ ಇಡೀ ವರ್ಗವನ್ನು ಊಹಿಸುವಂತೆ ಸೂಚಿಸಿತು. ಇನ್ನೊಂದು ವಿಚಿತ್ರವೂ ಇದೆ. ಕ್ಯಾಸ್ಪೊಫಂಗಿನ್ ಕಡಿಮೆ ಪ್ರಮಾಣದಲ್ಲಿ ಯೀಸ್ಟನ್ನು ಪೂರ್ತಿ ತಡೆದು, ಬಹಳ ಹೆಚ್ಚಿನ ಪ್ರಮಾಣದ ಕುಳಿಗಳಲ್ಲಿ ಮತ್ತೆ ಬೆಳೆಯಗೊಡುವುದುಂಟು. ಭಿತ್ತಿಗೆ ಪೆಟ್ಟು ಬಿದ್ದಾಗ ಯೀಸ್ಟ್ ಇನ್ನೊಂದು ವಸ್ತುವಾದ ಕೈಟಿನ್ ತಯಾರಿಯನ್ನು ಹೆಚ್ಚಿಸಿ ತನ್ನನ್ನು ಕಾಪಾಡಿಕೊಳ್ಳುವುದು ಇದಕ್ಕೆ ಒಂದು ಕಾರಣ. ಇದನ್ನು ಪ್ರತಿರೋಧ ಎಂದು ಓದಬಾರದು.

ಆಂಫೊಟೆರಿಸಿನ್ ಬಿ ಸಮಸ್ಯೆ ಬೇರೆ ಬಗೆಯದು. ಬಹುತೇಕ ಕ್ಯಾಂಡಿಡಾಗಳ ಎಂಐಸಿ 0.25ರಿಂದ 1ರ ಕಿರಿದಾದ ಪಟ್ಟಿಯೊಳಗೇ ಒತ್ತಿಕೊಂಡಿರುತ್ತದೆ. ಪರೀಕ್ಷೆಯ ಸಹಜ ಏರುಪೇರೇ ಒಂದು ಮೆಟ್ಟಿಲು ಇರುವಾಗ, ಅಷ್ಟು ಕಿರಿದಾದ ಜಾಗದಲ್ಲಿ ಪ್ರತಿರೋಧವನ್ನು ಪ್ರತ್ಯೇಕಿಸಿ ತೋರಿಸುವುದು ಕಠಿಣ.

ಎಲ್ಲ ಪ್ರಯೋಗಾಲಯಗಳೂ ದಿನವೂ ತಾವೇ ಫಲಕ ಸಿದ್ಧಪಡಿಸಲಾರವು. ಔಷಧ ತುಂಬಿ ಒಣಗಿಸಿದ ಸಿದ್ಧ ಫಲಕಗಳಲ್ಲಿ ಯೀಸ್ಟ್ ಬೆಳೆದರೆ ನೀಲಿ ಬಣ್ಣ ಗುಲಾಬಿಗೆ ತಿರುಗುವಂತೆ ಸೂಚಕ ಸೇರಿಸಿರುತ್ತಾರೆ, ಇದರಿಂದ ಓದುವುದು ಸುಲಭ. ವೈಟೆಕ್ 2ನಂತಹ ಸ್ವಯಂಚಾಲಿತ ಯಂತ್ರಗಳು ತಾವೇ ಅಂಕಿ ಕೊಡುತ್ತವೆ. ಔಷಧದ ಪ್ರಮಾಣ ಒಂದು ತುದಿಯಿಂದ ಇನ್ನೊಂದಕ್ಕೆ ಇಳಿಯುತ್ತ ಹೋಗುವ ಪಟ್ಟಿಯನ್ನು ಅಗರ್ ಎಂಬ ಹೆಪ್ಪುಗಟ್ಟಿದ ಪೋಷಕ ಮಾಧ್ಯಮದ ಮೇಲಿಟ್ಟು, ಬೆಳವಣಿಗೆ ಪಟ್ಟಿಯನ್ನು ಮುಟ್ಟುವ ಜಾಗದಲ್ಲಿ ಎಂಐಸಿ ಓದುವ ವಿಧಾನವೂ ಇದೆ. ಆಂಫೊಟೆರಿಸಿನ್ ಬಿ ಪ್ರತಿರೋಧ ಗುರುತಿಸಲು ಈ ಪಟ್ಟಿಯನ್ನೇ ಮೆಚ್ಚುವವರು ಹಲವರು. ಎಲ್ಲಕ್ಕಿಂತ ಅಗ್ಗದ್ದು ಬಿಲ್ಲೆ ವಿಧಾನ: ಶೇಕಡಾ 2 ಗ್ಲೂಕೋಸ್ ಮತ್ತು ತುಸು ಮಿಥಿಲೀನ್ ಬ್ಲೂ ಸೇರಿಸಿದ ಮ್ಯುಲ್ಲರ್-ಹಿಂಟನ್ ಅಗರ್ ಮೇಲೆ ಯೀಸ್ಟನ್ನು ಹರಡಿ, 25 ಮೈಕ್ರೋಗ್ರಾಂ ಫ್ಲುಕೊನಜೋಲ್ ಇರುವ ಕಾಗದದ ಬಿಲ್ಲೆಯನ್ನಿಟ್ಟು, ಮರುದಿನ ಸುತ್ತಲಿನ ಖಾಲಿ ವೃತ್ತದ ವ್ಯಾಸವನ್ನು ಮಿಲಿಮೀಟರ್‌ಗಳಲ್ಲಿ ಅಳೆಯುವುದು. ಸೌಲಭ್ಯ ಕಡಿಮೆಯಿರುವ ಕಡೆ ಇದನ್ನು ಶಿಸ್ತಿನಿಂದ ಮಾಡಿದರೆ ಫ್ಲುಕೊನಜೋಲ್ ವಿಷಯದಲ್ಲಿ ನಂಬಬಹುದಾದ ಉತ್ತರ ಸಿಗುತ್ತದೆ. ದುಬಾರಿ ಯಂತ್ರವಿಲ್ಲ ಎಂಬ ಕಾರಣಕ್ಕೆ ಪರೀಕ್ಷೆಯನ್ನೇ ಕೈಬಿಡಬೇಕಾಗಿಲ್ಲ.

ಪರೀಕ್ಷೆ ಸರಿಯಾಗಿ ನಡೆದು ಮಿತಿಯೂ ಸರಿಯಾಗಿ ಅನ್ವಯವಾದ ಮೇಲೂ ಅದು ರೋಗಿಯ ಗುಣವನ್ನು ಖಚಿತವಾಗಿ ಮುನ್ನುಡಿಯುವುದಿಲ್ಲ. 2002ರಲ್ಲಿ ಜಾನ್ ರೆಕ್ಸ್ ಮತ್ತು ಮೈಕೆಲ್ ಫಾಲರ್ ಎಂಬ ಸಂಶೋಧಕರು ಲಭ್ಯ ಮಾಹಿತಿಯನ್ನು ಒಟ್ಟುಗೂಡಿಸಿ, ಮಣಿಯುವ ಸೂಕ್ಷ್ಮಜೀವಿಯ ಸೋಂಕುಗಳಲ್ಲಿ ಸುಮಾರು ಶೇಕಡಾ 90ರಷ್ಟು ಗುಣವಾಗುತ್ತವೆ, ಪ್ರತಿರೋಧವಿರುವ ಸೋಂಕುಗಳಲ್ಲೂ ಸುಮಾರು ಶೇಕಡಾ 60ರಷ್ಟು ಗುಣವಾಗುತ್ತವೆ ಎಂಬ ಸೂತ್ರವನ್ನು ಮುಂದಿಟ್ಟರು. ರೋಗಿಯ ರೋಗನಿರೋಧಕ ಶಕ್ತಿ, ಔಷಧ ಸೋಂಕಿನ ಜಾಗವನ್ನು ಮುಟ್ಟುವ ಪ್ರಮಾಣ, ಚಿಕಿತ್ಸೆ ಆರಂಭವಾದ ಸಮಯ ಇವೆಲ್ಲ ಫಲಕದ ಹೊರಗೆ ಉಳಿದ ಸಂಗತಿಗಳು. ಎಕಿನೊಕ್ಯಾಂಡಿನ್‌ಗಳು ಮೂತ್ರಕ್ಕೂ ಕಣ್ಣಿನ ಒಳಭಾಗಕ್ಕೂ ಮಿದುಳಿನ ದ್ರವಕ್ಕೂ ಸರಿಯಾಗಿ ತಲುಪುವುದಿಲ್ಲ. ಎಂಐಸಿ ಎಷ್ಟೇ ಕಡಿಮೆಯಿದ್ದರೂ ಆ ಜಾಗಗಳ ಸೋಂಕಿಗೆ ಅವು ಸರಿಯಾದ ಆಯ್ಕೆಯಲ್ಲ. ಫ್ಲುಕೊನಜೋಲ್ ಮೂತ್ರದಲ್ಲಿ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಶೇಖರವಾಗುತ್ತದೆ. ರಕ್ತನಾಳದಲ್ಲಿಟ್ಟ ಕೊಳವೆಯ ಒಳಮೈಗೆ ಯೀಸ್ಟ್ ಪದರವಾಗಿ ಅಂಟಿಕೊಂಡಾಗ, ದ್ರಾವಣದಲ್ಲಿ ತೇಲುವ ಕೋಶಗಳ ಮೇಲೆ ಅಳೆದ ಎಂಐಸಿ ಆ ಪದರಕ್ಕೆ ಅನ್ವಯಿಸುವುದಿಲ್ಲ. ಸಾಧ್ಯವಾದಾಗಲೆಲ್ಲ ಕೊಳವೆಯನ್ನೇ ತೆಗೆಯುವುದು ಚಿಕಿತ್ಸೆಯ ಭಾಗ.

ಪದೇಪದೇ ಮರುಕಳಿಸುವ ಯೋನಿಯ ಯೀಸ್ಟ್ ಸೋಂಕಿನಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಪರೀಕ್ಷೆ ನಡೆಯುವುದು ಪಿಎಚ್ 7ರಲ್ಲಿ, ಯೋನಿಯ ಸಹಜ ಪಿಎಚ್ ಸುಮಾರು 4. ಹುಳಿ ವಾತಾವರಣದಲ್ಲಿ ಗ್ಲಾಬ್ರಾಟಾದ ಅಜೋಲ್ ಎಂಐಸಿಗಳು ಮೇಲೇರುವುದು ಪ್ರಯೋಗಗಳಲ್ಲಿ ಕಂಡಿದೆ. ಅಂದರೆ ವರದಿಯಲ್ಲಿ ಔಷಧ ನಾಟುತ್ತದೆ ಎಂದಿದ್ದೂ ಮಹಿಳೆಯ ತೊಂದರೆ ಹಾಗೆಯೇ ಉಳಿಯಬಹುದು. ಔಷಧವನ್ನು ಸರಿಯಾಗಿ ತೆಗೆದುಕೊಂಡಿಲ್ಲ ಎಂದು ಆಕೆಯನ್ನು ದೂರುವ ಮೊದಲು ವೈದ್ಯರು ಈ ಸಾಧ್ಯತೆಯನ್ನು ಪರಿಗಣಿಸಬೇಕು. ಸಾಮಾನ್ಯವಾಗಿ ಮೊದಲ ಬಾರಿಯ ಸರಳ ಸೋಂಕಿಗೆ ಈ ಪರೀಕ್ಷೆಯೇ ಬೇಕಾಗಿಲ್ಲ; ಚಿಕಿತ್ಸೆಗೆ ಜಗ್ಗದ ಅಥವಾ ಮರಳಿ ಮರಳಿ ಬರುವ ಸೋಂಕಿನಲ್ಲಿ ಮೊದಲು ಪ್ರಭೇದವನ್ನು ಗುರುತಿಸಿ, ನಂತರ ಪರೀಕ್ಷೆಗೆ ಕಳುಹಿಸುವುದು ಸರಿಯಾದ ಕ್ರಮ.

ಮಿತಿಗಳೇ ಇಲ್ಲದ ಯೀಸ್ಟ್‌ಗಳೂ ಇವೆ. ಅಂತಹ ಕಡೆ ಪ್ರಯೋಗಾಲಯಗಳು ಇನ್ನೊಂದು ಗೆರೆಯನ್ನು ಬಳಸುತ್ತವೆ: ಯಾವ ಪ್ರತಿರೋಧವನ್ನೂ ಪಡೆಯದ ಸಹಜ ತಳಿಗಳ ಎಂಐಸಿ ಎಲ್ಲಿಗೆ ಕೊನೆಯಾಗುತ್ತದೆಯೋ ಅದು. ಈ ಗೆರೆಯ ಮೇಲಿನ ಯೀಸ್ಟ್ ಸಹಜ ತಳಿಗಿಂತ ಬೇರೆ ಎಂದು ಹೇಳಬಹುದು, ಔಷಧ ಕೊಟ್ಟರೆ ರೋಗಿ ಗುಣವಾಗುತ್ತಾರೋ ಇಲ್ಲವೋ ಎಂದು ಇದರಿಂದ ಹೇಳಲಾಗದು. ಕ್ರಿಪ್ಟೊಕಾಕಸ್ ಮತ್ತು ಫ್ಲುಕೊನಜೋಲ್ ಜೋಡಿಗೆ ಇಂತಹ ಗೆರೆಯೇ ಆಧಾರ. ನಿಧಾನವಾಗಿ ಬೆಳೆಯುವ ಈ ಯೀಸ್ಟ್‌ಗೆ ಸಿಎಲ್‌ಎಸ್‌ಐ ವಿಧಾನದಲ್ಲಿ 72 ಗಂಟೆ ಕಾಯಬೇಕು.

2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯ ಸ್ರಾವದಿಂದ ಮೊದಲು ವರ್ಣಿತವಾದ ಕ್ಯಾಂಡಿಡಾ ಆರಿಸ್ ಈ ಪರೀಕ್ಷೆಯ ಮಹತ್ವವನ್ನು ಹೆಚ್ಚಿಸಿತು. ಹಳೆಯ ಗುರುತಿಸುವ ಯಂತ್ರಗಳು ಅದನ್ನು ಕ್ಯಾಂಡಿಡಾ ಹೀಮ್ಯುಲೊನೈ ಎಂದು ತಪ್ಪಾಗಿ ಹೆಸರಿಸುತ್ತಿದ್ದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಅಲ್ಲಿ ಪರೀಕ್ಷಿಸಿದ ಆರಿಸ್ ಮಾದರಿಗಳಲ್ಲಿ ಸುಮಾರು ಶೇಕಡಾ 90 ಫ್ಲುಕೊನಜೋಲ್‌ಗೆ, ಸುಮಾರು ಶೇಕಡಾ 30 ಆಂಫೊಟೆರಿಸಿನ್ ಬಿಗೆ ಪ್ರತಿರೋಧ ತೋರಿದವು. ಎಕಿನೊಕ್ಯಾಂಡಿನ್‌ಗಳಿಗೆ ಪ್ರತಿರೋಧ ಶೇಕಡಾ 5ಕ್ಕಿಂತ ಕಡಿಮೆ. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಶಿಲೀಂಧ್ರಗಳ ಆದ್ಯತಾ ಪಟ್ಟಿಯ ಅತಿ ಗಂಭೀರ ಗುಂಪಿನಲ್ಲಿರುವ ನಾಲ್ಕರಲ್ಲಿ ಆರಿಸ್, ಆಲ್ಬಿಕಾನ್ಸ್ ಮತ್ತು ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್ ಈ ಮೂರೂ ಯೀಸ್ಟ್‌ಗಳೇ.

ರಕ್ತದಲ್ಲಿ ಯೀಸ್ಟ್ ಕಂಡುಬಂದಾಗ ವೈದ್ಯರು ವರದಿಗಾಗಿ ಕಾಯುತ್ತ ಕೂರುವುದಿಲ್ಲ. ರಕ್ತದ ಕಲ್ಚರ್‌ನಲ್ಲಿ ಬೆಳೆಯಲು ಒಂದರಿಂದ ಮೂರು ದಿನ, ಶುದ್ಧ ಕಾಲನಿ ಪಡೆಯಲು ಮತ್ತೆ ಒಂದೆರಡು ದಿನ, ಪರೀಕ್ಷೆಗೆ ಇನ್ನೊಂದು ದಿನ ಬೇಕು. ಅಷ್ಟರಲ್ಲಿ ಚಿಕಿತ್ಸೆ, ಬಹುತೇಕ ಎಕಿನೊಕ್ಯಾಂಡಿನ್‌ನಿಂದ, ಆರಂಭವಾಗಿರುತ್ತದೆ. ರೋಗಿ ಸ್ಥಿರವಾಗಿದ್ದು, ಯೀಸ್ಟ್ ಫ್ಲುಕೊನಜೋಲ್‌ಗೆ ಮಣಿಯುತ್ತದೆ ಎಂದು ವರದಿ ಬಂದರೆ ಬಾಯಿಯ ಮೂಲಕ ತೆಗೆದುಕೊಳ್ಳಬಹುದಾದ ಆ ಔಷಧಕ್ಕೆ ಬದಲಾಯಿಸುವ ದಾರಿ ತೆರೆಯುತ್ತದೆ. ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2016ರ ಮಾರ್ಗಸೂಚಿ ರಕ್ತದ ಎಲ್ಲ ಕ್ಯಾಂಡಿಡಾ ಮಾದರಿಗಳಿಗೂ ಅಜೋಲ್ ಪರೀಕ್ಷೆ ಮಾಡಬೇಕೆಂದೂ, ಮೊದಲೇ ಎಕಿನೊಕ್ಯಾಂಡಿನ್ ಪಡೆದವರಲ್ಲಿ ಮತ್ತು ಗ್ಲಾಬ್ರಾಟಾ, ಪ್ಯಾರಾಪ್ಸಿಲೋಸಿಸ್ ಸೋಂಕುಗಳಲ್ಲಿ ಎಕಿನೊಕ್ಯಾಂಡಿನ್ ಪರೀಕ್ಷೆಯನ್ನೂ ಪರಿಗಣಿಸಬೇಕೆಂದೂ ಹೇಳುತ್ತದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಕಲ್ಚರ್‌ನಲ್ಲಿ ಯೀಸ್ಟ್ ಮತ್ತೆ ಮತ್ತೆ ಬೆಳೆಯುತ್ತಿದ್ದರೆ ಮೊದಲ ದಿನದ ವರದಿಯನ್ನು ನೆಚ್ಚಿಕೊಳ್ಳದೆ ಹೊಸ ಮಾದರಿಯನ್ನು ಪುನಃ ಪರೀಕ್ಷೆಗೆ ಕಳುಹಿಸಬೇಕು, ಏಕೆಂದರೆ ಗ್ಲಾಬ್ರಾಟಾದಂತಹ ಯೀಸ್ಟ್ ಒಂದೇ ಚಿಕಿತ್ಸೆಯ ಅವಧಿಯೊಳಗೆ ಎಫ್‌ಕೆಎಸ್ ಜೀನ್‌ಗಳ ರೂಪಾಂತರದಿಂದ ಎಕಿನೊಕ್ಯಾಂಡಿನ್‌ಗೆ ಪ್ರತಿರೋಧ ಪಡೆಯಬಲ್ಲದು. ಅಂತಹ ಮಾದರಿಯ ಎಂಐಸಿ ಮಿತಿಯ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಸೌಲಭ್ಯವಿರುವ ಪ್ರಯೋಗಾಲಯಗಳು ಆ ಜೀನ್‌ಗಳ ಅನುಕ್ರಮವನ್ನೇ ನೇರವಾಗಿ ಓದಿ ಉತ್ತರ ಕೊಡುತ್ತವೆ.